ಸ್ಟೆಪ್ನಿಯಲ್ಲಿ ಗಾಳಿಯೇ ಇರಲಿಲ್ಲ! ಕಾರಿನ ಸಣ್ಣಪುಟ್ಟ ಕೆಲಸ ಎಲ್ಲಿಂದ ಕಲಿಯೋದು?

ನೀಲಿ_ವ್ಯಾಗನಾರ್ (ಶನಿವಾರ, ರಾತ್ರಿ 10.15)

ಎಲ್ಲರಿಗೂ ನಮಸ್ಕಾರ. ನನ್ನದು 2014ರ ವ್ಯಾಗನಾರ್, ಪೆಟ್ರೋಲ್. ಮಾವನವರು ಓಡಿಸುತ್ತಿದ್ದ ಗಾಡಿ, ಈಗ ನನ್ನ ಕೈಗೆ ಬಂದಿದೆ. 81 ಸಾವಿರ ಕಿ.ಮೀ. ಆಗಿದೆ. ಕಾರು ಓಡಿಸಲು ಕಲಿತು ಎಂಟು ವರ್ಷ ಆಯಿತು. ಆದರೆ ಹೋದ ತಿಂಗಳವರೆಗೆ ಬಾನೆಟ್ ಎತ್ತಿದ್ದು ಎರಡೇ ಸಲ. ಎರಡು ಸಲವೂ ವೈಪರ್ ನೀರು ಹಾಕೋದಕ್ಕೆ.

ಹೋದ ತಿಂಗಳು ಬೆಂಗಳೂರಿಂದ ತರೀಕೆರೆಗೆ ಹೊರಟಿದ್ದೆ. ತಿಪಟೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಎಡಗಡೆ ಟೈರ್ ಪಂಕ್ಚರ್. ಜೊತೆಗೆ ಅತ್ತೆ, ಆರು ವರ್ಷದ ಮಗ. ಮಧ್ಯಾಹ್ನದ ಬಿಸಿಲು. ಫೋನಿನಲ್ಲಿ ವಿಡಿಯೋ ನೋಡಿಕೊಂಡು ನಾನೇ ಸ್ಟೆಪ್ನಿ ಹಾಕುತ್ತೇನೆ ಅಂತ ಇಳಿದೆ. ಒಂದು ನಟ್ಟೂ ಅಲುಗಲಿಲ್ಲ. ವೀಲ್ ಪಾನಾ ಮೇಲೆ ಹತ್ತಿ ನಿಂತೆ. ಆಗಲೂ ಇಲ್ಲ. ಅತ್ತೆ ನನ್ನ ಸೆರಗು ಹಿಡಿದುಕೊಂಡು "ಬೀಳ್ತೀಯ, ಇಳಿ" ಅಂತ ಕೂಗುತ್ತಿದ್ದರು.

ಕೊನೆಗೆ ಕೊಬ್ಬರಿ ಲೋಡಿನ ಲಾರಿಯವರೊಬ್ಬರು ನಿಲ್ಲಿಸಿದರು. ಸೀಟಿನ ಹಿಂದಿನಿಂದ ಎರಡಡಿ ಕಬ್ಬಿಣದ ಪೈಪ್ ತಂದು ಪಾನಾದ ಹಿಡಿಗೆ ತೂರಿಸಿದರು. ತುದಿ ಹಿಡಿದು ಒಂದೇ ಕೈಯಲ್ಲಿ ಒತ್ತಿದರು. ಕಟಕ್ ಅಂತ ಬಿಟ್ಟುಕೊಂಡಿತು. ನಾಲ್ಕು ನಟ್ಟು, ನಾಲ್ಕು ಕಟಕ್. ಸ್ಟೆಪ್ನಿ ಇಳಿಸಿದರೆ ಅದರಲ್ಲಿ ಗಾಳಿಯೇ ಇಲ್ಲ! ಅವರು ನಕ್ಕು, "ಅಮ್ಮಾ, ಇದಕ್ಕೂ ಆಗಾಗ ಊಟ ಹಾಕ್ಬೇಕು" ಅಂದರು. ಅವರೇ ಚಕ್ರವನ್ನು ಲಾರಿಯಲ್ಲಿ ಹಾಕಿಕೊಂಡು ಹೋಗಿ ಗಾಳಿ ಹೊಡೆಸಿ, ಬೇರೆ ಲಾರಿಯಲ್ಲಿ ವಾಪಸ್ ಕಳಿಸಿದರು. ದುಡ್ಡು ಮುಟ್ಟಲಿಲ್ಲ.

ಇದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದು. ಆ ಪ್ರಯಾಣಕ್ಕೆ ಹತ್ತು ದಿನ ಮೊದಲಷ್ಟೇ ಒಂದು ಸರ್ವಿಸ್ ಸೆಂಟರಿನಲ್ಲಿ ಗಾಡಿ ಬಿಟ್ಟಿದ್ದೆ. ಬಿಲ್ಲಿನಲ್ಲಿ "ಸ್ಟೆಪ್ನಿ ಚೆಕ್" ಎದುರಿಗೆ ಟಿಕ್ ಇದೆ. "ಬ್ಯಾಟರಿ ಟರ್ಮಿನಲ್ ಟ್ರೀಟ್‌ಮೆಂಟ್" ಅಂತ ದುಡ್ಡೂ ಹಾಕಿದ್ದಾರೆ. ಮನೆಗೆ ಬಂದು ಬಾನೆಟ್ ಎತ್ತಿ ನೋಡಿದರೆ ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಹಾಗೇ ಹೂವಿನ ಥರ ಅರಳಿಕೊಂಡಿದೆ.

ನನಗೆ ಮೆಕ್ಯಾನಿಕ್ ಆಗೋ ಆಸೆ ಏನಿಲ್ಲ. ಏನು ನೋಡಬೇಕು, ಏನು ಮುಟ್ಟಬಹುದು, ಏನು ಮುಟ್ಟಬಾರದು ಅಂತ ಗೊತ್ತಾದರೆ ಸಾಕು. ಎಲ್ಲಿಂದ ಶುರು ಮಾಡಲಿ?

ಹಳೇ_ಗ್ಯಾರೇಜು (ಭಾನುವಾರ, ಬೆಳಗ್ಗೆ 6.50)

ತಾಯಿ, ಮೈಸೂರಲ್ಲಿ 31 ವರ್ಷ ಗ್ಯಾರೇಜ್ ನಡೆಸಿದವನು ನಾನು. ಈಗ ಮಗ ನೋಡಿಕೊಳ್ಳುತ್ತಾನೆ. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಮೊದಲ ಒಂದು ತಿಂಗಳು ಒಂದು ನಟ್ಟನ್ನೂ ಬಿಚ್ಚಬೇಡಿ. ಸುಮ್ನೆ ನೋಡಿ. ನನ್ನ ಹತ್ತಿರ ಕೆಲಸಕ್ಕೆ ಸೇರುತ್ತಿದ್ದ ಹುಡುಗರಿಗೂ ಮೊದಲ ತಿಂಗಳು ಪಾನಾ ಕೊಡುತ್ತಿರಲಿಲ್ಲ. ಬಟ್ಟೆ ಕೊಡುತ್ತಿದ್ದೆ. ಒರೆಸುವವನಿಗೆ ಎಲ್ಲಿ ಒದ್ದೆ ಇದೆ, ಎಲ್ಲಿ ಪೈಪ್ ಬಿರುಕು ಬಿಟ್ಟಿದೆ ಅಂತ ತಾನಾಗೇ ಗೊತ್ತಾಗುತ್ತದೆ.

ಡ್ಯಾಶ್‌ಬೋರ್ಡ್ ಡ್ರಾಯರಿನಲ್ಲಿ ಹ್ಯಾಂಡ್‌ಬುಕ್ ಇರುತ್ತದೆ. ಹೊಸ ಗಾಡಿ ತಗೊಂಡವರೂ ಅದರ ಪ್ಲಾಸ್ಟಿಕ್ ಕವರ್ ಬಿಚ್ಚಿರುವುದಿಲ್ಲ. ಅದನ್ನು ತೆಗೆದು ಓದಿ. ಯಾವ ಆಯಿಲ್, ಎಷ್ಟು ಲೀಟರ್, ಯಾವ ಫ್ಯೂಸ್ ಯಾತಕ್ಕೆ, ಜಾಕಿ ಎಲ್ಲಿ ಕೊಡಬೇಕು, ಎಲ್ಲ ಅದರಲ್ಲೇ ಇದೆ. ಇಲ್ಲಿ ನಾವು ಹತ್ತು ಜನ ಹತ್ತು ಥರ ಹೇಳುತ್ತೇವೆ. ನಿಮ್ಮ ಗಾಡಿ ವಿಷಯದಲ್ಲಿ ಕೊನೆ ಮಾತು ಆ ಪುಸ್ತಕದ್ದು.

ಆಮೇಲೆ ಪ್ರತಿ ಭಾನುವಾರ ಬೆಳಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಹತ್ತು ನಿಮಿಷ. ಡಿಪ್‌ಸ್ಟಿಕ್, ಅಂದರೆ ಇಂಜಿನ್ ಆಯಿಲ್ ಅಳೆಯುವ ಕಡ್ಡಿ, ಎಳೆಯಿರಿ, ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಮೊದಲ ಸಲ ಎಳೆದಾಗ ಕಾಣುವುದು ಸುಳ್ಳು, ಎರಡನೆಯದೇ ನಿಜ. ಎರಡು ಗುರುತಿನ ನಡುವೆ ಆಯಿಲ್ ಇರಬೇಕು. ಬಣ್ಣ ಕಪ್ಪಾಗಿದೆ ಅಂತ ಗಾಬರಿ ಬೇಡ, ಓಡಿದ ಆಯಿಲ್ ಕಪ್ಪಾಗುವುದೇ. ಹಾಲು ಹಾಕಿದ ಕಾಫಿ ಥರ ಕಂಡರೆ ಮಾತ್ರ ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಆಯಿಲ್ ಒಳಗೆ ನೀರು ಸೇರಿದೆ ಅಂತ ಅರ್ಥ.

ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವ, ಅದರ ಡಬ್ಬಿಯಲ್ಲಿ ಲೆವೆಲ್ ಹೊರಗಿನಿಂದಲೇ ಕಾಣುತ್ತದೆ. ಬ್ರೇಕ್ ಆಯಿಲ್ ಡಬ್ಬಿಯೂ ಅಷ್ಟೇ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತಿರುಗಿಸಬೇಡಿ. ಒಳಗೆ ಪ್ರೆಷರ್ ಇರುತ್ತದೆ, ಕುಕ್ಕರಿನ ಪ್ರೆಷರ್ ಇಳಿಯುವ ಮುಂಚೆ ಮುಚ್ಚಳ ತೆಗೆದ ಹಾಗೆ. ನನ್ನ ಎಡಗೈ ಮೇಲೆ ಇವತ್ತಿಗೂ ಗುರುತಿದೆ.

ಬೇಸ್‌ಮೆಂಟ್_ಬಿ2 (ಭಾನುವಾರ, ಬೆಳಗ್ಗೆ 9.30)

ಹಳೇ ಗ್ಯಾರೇಜು ಸರ್ ಹೇಳಿದ್ದಕ್ಕೆ ನನ್ನದೂ ಒಂದು ಓಟು. ಆದರೆ ಎರಡು ಸಾಮಾನು ಈಗಲೇ ತಗೊಳ್ಳಿ. ಒಂದು ಟೈರ್ ಗೇಜ್. ಇನ್ನೊಂದು, ಗಾಡಿಯ 12 ವೋಲ್ಟ್ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕುವ ಗಾಳಿ ಪಂಪ್. ಸ್ಟೆಪ್ನಿ ಕಥೆ ಮತ್ತೆ ಆಗುವುದಿಲ್ಲ.

ಗಾಳಿ ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಅಲ್ಲೇ ಸ್ಟಿಕರ್ ಮೇಲಿರುತ್ತದೆ. ಬಂಕ್ ಹುಡುಗ "ಎಷ್ಟು ಸರ್, 35ಆ?" ಅಂತ ಕೇಳಿದರೆ ಹೂಂ ಅನ್ನಬೇಡಿ. ಟೈರ್ ತಣ್ಣಗಿರುವಾಗಲೇ ನೋಡಬೇಕು. ಇಪ್ಪತ್ತು ಕಿ.ಮೀ. ಓಡಿ ಬಂದ ಟೈರಿನಲ್ಲಿ ಮೂರ್ನಾಲ್ಕು ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ಬೆಳಗ್ಗೆ ಕಮ್ಮಿ ಆಗಿರುತ್ತದೆ.

ಟೂಲ್ಸ್ ಬೇಕಾದರೆ ಬೆಂಗಳೂರಿನಲ್ಲಿ ಎಸ್.ಜೆ.ಪಿ. ರಸ್ತೆ. ಸ್ಪೇರ್ ಪಾರ್ಟ್ಸಿಗೆ ಜೆ.ಸಿ. ರಸ್ತೆ. ನೂರು ಪೀಸಿನ ಹೊಳೆಯುವ ಡಬ್ಬಿ ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತದೆ, ಬೇಡ. ಮೊದಲ ಬಿಗಿ ನಟ್ಟಿಗೇ ಬಾಯಿ ಬಿಡುತ್ತದೆ. 8ರಿಂದ 19ರವರೆಗೆ ಒಳ್ಳೆ ರಿಂಗ್ ಪಾನಾ, ಒಂದು ಸಾಕೆಟ್ ಸೆಟ್, ಎರಡು ಸ್ಕ್ರೂಡ್ರೈವರ್, ಒಂದು ಕಟಿಂಗ್ ಪ್ಲೇಯರ್. ತಪಾರಿಯಾ ಕಂಪನಿಯ ಥರದ್ದು ತಗೊಂಡರೆ ಮಗನ ಕಾಲಕ್ಕೂ ಬರುತ್ತದೆ. ಮತ್ತೆ ಆ ಲಾರಿಯವರ ಪೈಪ್! ಅದನ್ನೂ ಗುಜರಿಯಿಂದ ಒಂದು ತಂದು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಹಿಡಿ ಎರಡರಷ್ಟು ಉದ್ದವಾದರೆ ಅದೇ ಕೈ ಬಲಕ್ಕೆ ಎರಡರಷ್ಟು ಬಿಗಿ ಬಿಡಿಸಬಹುದು. ಬಿಚ್ಚೋದಕ್ಕೆ ಮಾತ್ರ ಪೈಪ್, ಬಿಗಿ ಮಾಡೋದಕ್ಕೆ ಅಲ್ಲ.

ಅಡಿಕೆ_ತೋಟ (ಭಾನುವಾರ, ಬೆಳಗ್ಗೆ 11.05)

ಬಾನೆಟ್ ಎತ್ತಿದಾಗ ಇಲಿ ಬಂದಿದೆಯಾ ಅಂತಲೂ ನೋಡಿ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕಾರಿನ ನಿಜವಾದ ಶತ್ರು ಅದೇ. ಹೋದ ವರ್ಷ ನನ್ನ ಗಾಡಿಯ ವೈರ್ ಪೂರ್ತಿ ಕಡಿದು, ಏರ್ ಫಿಲ್ಟರ್ ಡಬ್ಬಿಯೊಳಗೆ ಅಡಿಕೆ ಸಿಪ್ಪೆ ತುಂಬಿ ಗೂಡು ಕಟ್ಟಿತ್ತು.

ನೀಲಿ_ವ್ಯಾಗನಾರ್ (ಭಾನುವಾರ, ಮಧ್ಯಾಹ್ನ 1.20)

@ಅಡಿಕೆ_ತೋಟ ಅಣ್ಣ, ನಮ್ಮದು ಅಪಾರ್ಟ್‌ಮೆಂಟು. ಬೇಸ್‌ಮೆಂಟ್ ಪಾರ್ಕಿಂಗ್, ದಿನಾ ಗುಡಿಸುತ್ತಾರೆ. ಇಲಿ ಭಯ ಇಲ್ಲ ಬಿಡಿ.

ಲೆಕ್ಕದ_ಮನುಷ್ಯ (ಭಾನುವಾರ, ಸಂಜೆ 4.00)

ಬೇರೆ ಥರ ಮಾತಾಡುತ್ತೇನೆ, ಬೈಯಬೇಡಿ. ಇದೆಲ್ಲ ಯಾಕೆ? ಪಾನಾ, ಸಾಕೆಟ್, ಪಂಪ್ ಅಂತ ಮೂರ್ನಾಲ್ಕು ಸಾವಿರ ಖರ್ಚು ಮಾಡಿ, ಭಾನುವಾರ ಹಾಳು ಮಾಡಿಕೊಂಡು ಉಳಿಸೋದು ಎಷ್ಟು? ವರ್ಷಕ್ಕೆ ಒಂದು ಸರ್ವಿಸ್. ನಂಬಿಕೆಯ ಗ್ಯಾರೇಜ್ ಒಂದನ್ನು ಹಿಡಿದುಕೊಳ್ಳಿ, ಮುಗೀತು. ತಪ್ಪು ಮಾಡಿದರೆ ರಿಪೇರಿ ಖರ್ಚು ಇನ್ನೂ ಜಾಸ್ತಿ.

ಹಳೇ_ಗ್ಯಾರೇಜು (ಭಾನುವಾರ, ಸಂಜೆ 5.40)

ಲೆಕ್ಕ ಸರಿ ಇದೆ ಸಾರ್. ದುಡ್ಡು ಉಳಿಸೋದಕ್ಕೆ ಅಂತ ಶುರು ಮಾಡಿದವರು ಎರಡನೇ ತಿಂಗಳಿಗೆ ಬಿಡುತ್ತಾರೆ. ಆದರೆ ನಂಬಿಕೆಯ ಗ್ಯಾರೇಜ್ ಅಂದಿರಲ್ಲ, ಅದನ್ನು ಕಂಡುಹಿಡಿಯೋದು ಹೇಗೆ? ಅವನು ಮಾಡಿದ ಕೆಲಸ ಮಾಡಿದ್ದಾನೋ ಇಲ್ಲವೋ ಅಂತ ನೋಡಲು ಬಂದರೆ ತಾನೇ.

ನಮ್ಮ ಅಂಗಡಿಗೆ ಎರಡು ಥರದ ಗಿರಾಕಿ ಬರುತ್ತಿದ್ದರು. ಒಬ್ಬರು "ಏನೋ ಸೌಂಡ್ ಬರ್ತಿದೆ, ನೋಡಿ" ಅನ್ನುತ್ತಾರೆ. ಇನ್ನೊಬ್ಬರು "ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನಕ್ಕೆ ಹೋದರೆ ಟಕ್ ಟಕ್ ಟಕ್ ಅನ್ನುತ್ತದೆ, ನೇರ ಹೋದರೆ ಇಲ್ಲ" ಅನ್ನುತ್ತಾರೆ. ಎರಡನೆಯವರ ಗಾಡಿಯಲ್ಲಿ ಆಕ್ಸಲ್ ಜಾಯಿಂಟ್ ಹೋಗಿದೆ ಅಂತ ನನಗೆ ಕೂತಲ್ಲೇ ಗೊತ್ತಾಗುತ್ತದೆ. ಮೊದಲನೆಯವರ ಗಾಡಿ ತಗೊಂಡು ಇಡೀ ಒಂಟಿಕೊಪ್ಪಲು ಸುತ್ತಬೇಕು. ನಿಜ ಹೇಳುತ್ತೇನೆ, ಎರಡನೆಯವರ ಬಿಲ್ಲಿನಲ್ಲಿ ಆಟ ಆಡಲು ಯಾವ ಮೆಕ್ಯಾನಿಕ್ಕಿಗೂ ಧೈರ್ಯ ಬರುವುದಿಲ್ಲ.

ನೀಲಿ_ವ್ಯಾಗನಾರ್ (ಮುಂದಿನ ಭಾನುವಾರ, ಬೆಳಗ್ಗೆ 10.45)

ಮೊದಲ ತಪಾಸಣೆ ಮುಗಿಯಿತು! ಹತ್ತು ನಿಮಿಷ ಅಂದಿದ್ದಿರಿ, ನನಗೆ ಒಂದೂವರೆ ಗಂಟೆ ಆಯಿತು. ಬಾನೆಟ್ ಕೊಂಡಿ ಹುಡುಕಲು ಹತ್ತು ನಿಮಿಷ.

ಆಯಿಲ್ ನಡುವೆ ಇದೆ. ಕೂಲೆಂಟ್ ಕೆಳಗಿನ ಗೆರೆಗಿಂತ ಒಂದು ಬೆರಳು ಕಮ್ಮಿ. ಟೈರ್ ಗಾಳಿ ನಾಲ್ಕರಲ್ಲೂ ಬೇರೆ ಬೇರೆ! ಮುಂದಿನ ಬಲಗಡೆಯದು ಬರೀ 22. ಟೈರ್ ಒಳಗಡೆ ಅಂಚು ಸವೆದಿದೆ, ಹೊರಗಡೆ ಚೆನ್ನಾಗಿದೆ. ಇದು ಯಾಕೆ?

ಇನ್ನೊಂದು. ಸ್ಟೆಪ್ನಿ ಮೇಲೆ ಉದ್ದಕ್ಕೆ ಬರೆದ ಅಕ್ಷರಗಳ ಕೊನೆಗೆ 3514 ಅಂತ ಇದೆ. ಇದು ಏನು?

ಬೇಸ್‌ಮೆಂಟ್_ಬಿ2 (ಮುಂದಿನ ಭಾನುವಾರ, ಬೆಳಗ್ಗೆ 11.10)

ಒಳಗಡೆ ಅಂಚು ಮಾತ್ರ ಸವೆದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಎರಡೂ ಅಂಚು ಸವೆದು ನಡುವೆ ಚೆನ್ನಾಗಿದ್ದರೆ ಗಾಳಿ ಕಮ್ಮಿ ಓಡಿಸಿದ್ದು. ನಡುವೆ ಸವೆದರೆ ಗಾಳಿ ಜಾಸ್ತಿ. ಟೈರ್ ಮೇಲಿನ ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ಉಬ್ಬು ಕಾಣುತ್ತದೆ, ಬೆರಳು ಹಾಕಿ ನೋಡಿ. ಮೇಲ್ಮೈ ಸವೆದು ಆ ಉಬ್ಬಿನ ಸಮಕ್ಕೆ ಬಂತು ಅಂದರೆ 1.6 ಮಿ.ಮೀ. ಉಳಿದಿದೆ ಅಂತ. ಅದು ಕಾನೂನಿನ ಕೊನೆ ಗೆರೆ. ಮಳೆಗಾಲಕ್ಕೆ ಅಷ್ಟಕ್ಕೆ ಕಾಯಬೇಡಿ.

3514 ಅಂದರೆ 2014ರ 35ನೇ ವಾರ ಮಾಡಿದ ಟೈರ್. ಹೋದ ತಿಂಗಳು ಹಾಕಿದ್ದು ಬಿಟ್ಟರೆ ಮಾವನವರ ಕಾಲದಿಂದ ನೆಲ ಮುಟ್ಟಿರಲಿಕ್ಕಿಲ್ಲ. ನೋಡಲು ಹೊಸದು, ವಯಸ್ಸು ಮುದುಕ. ಪಂಕ್ಚರ್ ಅಂಗಡಿವರೆಗೆ ನಿಧಾನಕ್ಕೆ ಹೋಗಲು ಸಾಕು, ಅದಕ್ಕಿಂತ ಜಾಸ್ತಿ ಅದರ ಮೇಲೆ ನಂಬಿಕೆ ಇಡಬೇಡಿ.

ಹುಬ್ಬಳ್ಳಿ_ಹೈದ (ಮುಂದಿನ ಭಾನುವಾರ, ಮಧ್ಯಾಹ್ನ 12.30)

ಅಕ್ಕಾರ, ಕೂಲೆಂಟ್ ಕಮ್ಮಿ ಅಂತ ಬೋರ್‌ವೆಲ್ ನೀರು ಹಾಕಬ್ಯಾಡ್ರಿ ಮತ್ತ! ನಾನು ಅದೇ ಮಾಡಿದ್ದೆ ನೋಡ್ರಿ. ನಮ್ಮ ಕಡೆ ನೀರು ಗಡಸು. ವರ್ಷದೊಳಗ ರೇಡಿಯೇಟರ್ ಒಳಗ ಬಿಳಿ ಹಕ್ಕಳೆ ಕಟ್ಟಿತು, ಸೋಲಾರ್ ಗೀಸರ್ ಪೈಪಿನಾಗ ಕಟ್ಟುತ್ತದಲ್ಲ, ಹಂಗ. ಕಲಬುರಗಿಗೆ ಹೋಗುವಾಗ ಏಪ್ರಿಲ್ ಬಿಸಿಲಿಗೆ ಸೂಜಿ ಕೆಂಪಿಗೆ ಹೋಯಿತು. ಹ್ಯಾಂಡ್‌ಬುಕ್ಕಿನಾಗ ಹೇಳಿದ ಕೂಲೆಂಟನ್ನೇ ಹಾಕ್ರಿ. ಗಟ್ಟಿ ಕೂಲೆಂಟ್ ಡಬ್ಬಿ ತಂದರೆ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು, ರೆಡಿ ಮಿಕ್ಸ್ ಆದರೆ ಹಾಗೇ ಸುರಿಯೋದು. ಮತ್ತೆ ಎರಡು ವಾರ ನೋಡ್ರಿ. ಮತ್ತೂ ಇಳಿದರೆ ಎಲ್ಲೋ ಸೋರುತ್ತಿದೆ.

ಬ್ಯಾಟರಿ ಹೂವಿನ ವಿಷಯ. ಅದನ್ನು ನೀವೇ ತೆಗೀಬಹುದು, ಸುಲಭ. ಒಂದೇ ಒಂದು ಕಟ್ಟುನಿಟ್ಟು. ಬಿಚ್ಚುವಾಗ ಮೊದಲು ಮೈನಸ್, ಕಪ್ಪು ವೈರ್. ಹಾಕುವಾಗ ಅದೇ ಕೊನೆಗೆ. ಯಾಕಂದ್ರ ಗಾಡಿಯ ಮೈ ಪೂರ್ತಿ ಮೈನಸ್. ಪ್ಲಸ್ ಬಿಚ್ಚುವಾಗ ಪಾನಾ ಜಾರಿ ಬಾಡಿಗೆ ತಾಗಿದರೆ ವೆಲ್ಡಿಂಗ್ ಆದಂಗ ಕಿಡಿ ಹಾರುತ್ತದೆ. ಮೈನಸ್ ಮೊದಲೇ ತೆಗೆದಿದ್ದರೆ ಏನೂ ಆಗುವುದಿಲ್ಲ. ಮತ್ತೆ ಕೈಯಾಗಿನ ಬಳೆ, ಉಂಗುರ ತೆಗೆದಿಡ್ರಿ. ಚಿನ್ನ ಕರೆಂಟಿಗೆ ಭಾಳ ಒಳ್ಳೆ ದಾರಿ.

ನೀಲಿ_ವ್ಯಾಗನಾರ್ (ಬುಧವಾರ, ರಾತ್ರಿ 9.00)

ಬ್ಯಾಟರಿ ಕೆಲಸ ಮಾಡಿದೆ! ಬಳೆ ತೆಗೆದು ಅತ್ತೆ ಕೈಗೆ ಕೊಟ್ಟೆ. 10ರ ಪಾನಾ ಸರಿಯಾಗಿ ಕೂತಿತು. ಮೊದಲು ಕಪ್ಪು, ಆಮೇಲೆ ಕೆಂಪು. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೇ ಟೂತ್‌ಬ್ರಶ್‌ನಲ್ಲಿ ಹಚ್ಚಿದೆ. ಬುಸ್ ಅಂತ ನೊರೆ ಬಂತು! ಮಗ "ಅಮ್ಮಾ, ಇಡ್ಲಿ ಹಿಟ್ಟು ಉಕ್ಕಿದ ಹಾಗೆ" ಅಂದ. ಒರೆಸಿದ ಮೇಲೆ ಕೆಳಗೆ ಸೀಸ ಬೂದು ಬಣ್ಣಕ್ಕೆ ಹೊಳೆಯಿತು. ಚೆನ್ನಾಗಿ ಒಣಗಿಸಿ, ಕೆಂಪು ಹಾಕಿ, ಕಪ್ಪು ಹಾಕಿ, ಮೇಲೆ ವ್ಯಾಸಲಿನ್ ಸವರಿದೆ.

ಗಡಿಯಾರ 1.00ಕ್ಕೆ ಹೋಯಿತು, ಎಫ್.ಎಂ. ಸ್ಟೇಷನ್‌ಗಳು ಅಳಿಸಿಹೋದವು. ಇದು ಸರಿನಾ?

ಬೆಳಗ್ಗೆ ಸೆಲ್ಫ್ ಒಂದೇ ಸಲಕ್ಕೆ ಎತ್ತಿತು. ಮೊದಲು ಉಯ್ಯ್ ಉಯ್ಯ್ ಅಂತ ಎಳೆಯುತ್ತಿತ್ತು. ಬಿಲ್ಲಿನಲ್ಲಿ ಹಾಕಿದ ಆ "ಟ್ರೀಟ್‌ಮೆಂಟ್" ಇದೇ ಇರಬೇಕು, ಹದಿನೈದು ನಿಮಿಷದ್ದು.

ಹುಬ್ಬಳ್ಳಿ_ಹೈದ (ಬುಧವಾರ, ರಾತ್ರಿ 9.25)

ಭಾರಿ! ಗಡಿಯಾರ ಹಂಗೇ ಆಗುತ್ತದೆ, ಚಿಂತಿ ಬೇಡ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಒಂದು ಸಿಕ್ಕರೆ ರಾತ್ರಿ ಪೂರ್ತಿ ನಿಂತ ಗಾಡಿಯ ಬ್ಯಾಟರಿ ನೋಡ್ರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದ್ರ ಅರ್ಧ. ಇಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಬರಬೇಕು. ಬರಲಿಲ್ಲ ಅಂದ್ರ ಬ್ಯಾಟರಿ ಅಲ್ಲ, ಅದನ್ನ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಬೇಕು. ಬ್ಯಾಟರಿ ಅಂಗಡಿಯವನು ಹೊಸದು ಹಾಕಿಸಿ ಅನ್ನುವ ಮೊದಲೇ ಇದು ಗೊತ್ತಿರಬೇಕು.

ಅಡಿಕೆ_ತೋಟ (ಗುರುವಾರ, ಬೆಳಗ್ಗೆ 7.15)

ಬ್ರೇಕ್ ಆಯಿಲ್ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ. ಘಟ್ಟ ಇಳಿಯುವವರು ನಾವು, ನಮಗೆ ಅದು ಮುಖ್ಯ. ಅದು ಗಾಳಿಯಲ್ಲಿರುವ ನೀರು ಕುಡಿಯುತ್ತದೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು ಅಂತ ಲೆಕ್ಕ. ನೀರು ಕುಡಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ಆಮೇಲೆ 155. ಚಾರ್ಮಾಡಿಯಲ್ಲಿ ಕೊಟ್ಟಿಗೆಹಾರದಿಂದ ಬ್ರೇಕ್ ಒತ್ತಿಕೊಂಡೇ ಇಳಿದರೆ ಬಿಸಿಗೆ ಒಳಗೆ ಗುಳ್ಳೆ ಎದ್ದು ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. ಎರಡನೇ ಗೇರಲ್ಲಿ ಇಳಿಯಿರಿ, ಎರಡು ವರ್ಷಕ್ಕೊಮ್ಮೆ ಆ ಆಯಿಲ್ ಬದಲಾಯಿಸಿ.

ಬದಲಾಯಿಸೋದು ಮಾತ್ರ ನೀವಲ್ಲ. ಒಳಗೆ ಗಾಳಿ ಸೇರಿದರೆ ಬ್ರೇಕೇ ಹಿಡಿಯುವುದಿಲ್ಲ. ಬಣ್ಣ ನೋಡೋದು ನಿಮ್ಮ ಕೆಲಸ, ಬಿಚ್ಚೋದು ಮೇಸ್ತ್ರಿ ಕೆಲಸ. ಒಂದು ಹನಿ ಬಾಡಿ ಮೇಲೆ ಬಿದ್ದರೂ ಪೇಂಟ್ ಕಿತ್ತುಬರುತ್ತದೆ, ತಕ್ಷಣ ನೀರು ಹಾಕಿ.

ಇಲಿ ನೋಡಿದಿರಾ?

ನೀಲಿ_ವ್ಯಾಗನಾರ್ (ಗುರುವಾರ, ಬೆಳಗ್ಗೆ 8.00)

ಇಲ್ಲ ಅಣ್ಣ 😄

ಒಂದು ತಿಂಗಳು ಬಿಚ್ಚಬೇಡಿ ಅಂದಿದ್ದರು, ನಾನು ಹನ್ನೊಂದನೇ ದಿನಕ್ಕೇ ಬ್ಯಾಟರಿ ಬಿಚ್ಚಿದೆ. ಮುಂದಿನ ತಿಂಗಳು ದಸರಾ ರಜೆಗೆ ತವರಿಗೆ ಹೋಗುತ್ತೇನೆ. ಅಲ್ಲಿ ಅಂಗಳ ಇದೆ. ಇಂಜಿನ್ ಆಯಿಲ್ ಬದಲಾಯಿಸೋಣ ಅಂತ ಆಸೆ. ಮಾಡಬಹುದಾ?

ಹಳೇ_ಗ್ಯಾರೇಜು (ಗುರುವಾರ, ರಾತ್ರಿ 8.30)

ಮಾಡಬಹುದು. ಆಯಿಲ್ ಕಷ್ಟ ಅಲ್ಲ, ಗಾಡಿ ಕೆಳಗೆ ಹೋಗೋದು ಕಷ್ಟ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಡಿಕ್ಕಿಯಲ್ಲಿ ಕೊಟ್ಟಿರುವ ಜಾಕಿ ಚಕ್ರ ಬದಲಾಯಿಸೋದಕ್ಕೆ ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬಾರದು, ತಲೆ ದೂರದ ಮಾತು. ಇಟ್ಟಿಗೆ ಒಟ್ಟಿ ನಿಲ್ಲಿಸುತ್ತಾರೆ, ಹಾಲೋ ಬ್ಲಾಕ್ ಇಡುತ್ತಾರೆ. ಅದು ಮೊದಲೇ ಹೇಳದೆ ಪುಡಿಯಾಗುತ್ತದೆ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗ ಹಾಗೆ ಮಾಡಿ ಮುಂಗೈ ಮುರಿದುಕೊಂಡ. ಕೈ ಅಂತ ಉಳಿದ. ಗಟ್ಟಿ ಕಬ್ಬಿಣದ ಜಾಕ್ ಸ್ಟ್ಯಾಂಡ್ ಎರಡು ತನ್ನಿ, ಇಲ್ಲವೇ ಚಕ್ರ ಹತ್ತಿಸುವ ರ‍್ಯಾಂಪ್. ಸಿಮೆಂಟ್ ನೆಲ ಬೇಕು. ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡ್ ಹೂತುಹೋಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಲ್ಲಿ ಹಾಕಿ, ಹಿಂದಿನ ಎರಡೂ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಬಿಚ್ಚಿದ ಚಕ್ರ ಇದ್ದರೆ ಅದನ್ನೂ ಗಾಡಿ ಕೆಳಗೆ ತಳ್ಳಿಡಿ. ಆಮೇಲೆ ಹೊರಗೆ ನಿಂತು ಗಾಡಿಯನ್ನು ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ನೀವು ಕೆಳಗೆ ಹೋಗುವ ಮೊದಲೇ ಬೀಳಲಿ. ಒಬ್ಬರೇ ಮಾಡಬೇಡಿ, ಮನೆಯಲ್ಲಿ ಇನ್ನೊಬ್ಬರು ಇರಲಿ.

ಇಂಜಿನ್ ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಕುದಿಯುವಷ್ಟಲ್ಲ. ಡ್ರೈನ್ ಬೋಲ್ಟ್ ಬಿಚ್ಚಿದರೆ ಆಯಿಲ್ ನೇರ ಕೆಳಗೆ ಬೀಳುವುದಿಲ್ಲ, ಮೊದಲು ಒಂದು ಮೊಳ ಮುಂದಕ್ಕೆ ಚಿಮ್ಮುತ್ತದೆ. ಬೋಗುಣಿ ಅಲ್ಲಿಡಿ. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು. ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಥ್ರೆಡ್ ಸರಿ ಕೂತಿದೆ ಅಂತ ಗೊತ್ತಾದ ಮೇಲೆ ಪಾನಾ. ಇಲ್ಲಿ ಪೈಪ್ ಹಾಕಿದರೆ ಥ್ರೆಡ್ ಹೋಗುತ್ತದೆ. ಆಮೇಲೆ ಸಂಪ್, ಅಂದರೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಬದಲಾಯಿಸಬೇಕು, ಅದು ಬೇರೆ ಖರ್ಚು.

ಡಲ್ಲಾಸ್_ದೊಡ್ಡಪ್ಪ (ಶುಕ್ರವಾರ, ಬೆಳಗ್ಗೆ 6.10)

ಆಯಿಲ್ ಜೊತೆ ಬದಲಾಯಿಸುವ ಆಯಿಲ್ ಫಿಲ್ಟರ್ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಹಳೇ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಬಳೆ ಅದರ ಜೊತೆಗೇ ಬಂದಿದೆಯಾ ನೋಡಿ. ಇಂಜಿನ್ನಿಗೇ ಅಂಟಿಕೊಂಡು ಉಳಿದಿದ್ದು, ಅದರ ಮೇಲೆ ಹೊಸದು ಹಾಕಿದರೆ ಎರಡು ರಬ್ಬರ್ ಆಗಿ ಆಯಿಲ್ ಪೂರ್ತಿ ರಸ್ತೆಗೆ. ನಾನು ಟೆಕ್ಸಾಸಿಗೆ ಬಂದ ಹೊಸದರಲ್ಲಿ ಇದನ್ನು ಮಾಡಿದ್ದೇನೆ, ಅದೂ ಬೇರೆಯವರ ಡ್ರೈವ್‌ವೇ ಮೇಲೆ. ಹೊಸ ಫಿಲ್ಟರಿನ ರಬ್ಬರಿಗೆ ಸ್ವಲ್ಪ ಹೊಸ ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಿ. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು, ಸಾಕು.

ಇಲ್ಲಿ ಬಿಡಿಭಾಗದ ದೊಡ್ಡ ಅಂಗಡಿಗಳು ಹಳೇ ಆಯಿಲನ್ನು ಪುಕ್ಕಟೆ ವಾಪಸ್ ತಗೊಳ್ಳುತ್ತವೆ. ಡೆಪಾಸಿಟ್ ಇಟ್ಟರೆ ಟೂಲ್ಸ್ ಕೂಡ ಸಾಲ ಕೊಡುತ್ತವೆ. ಊರಿನಲ್ಲಿ ಏನು ಮಾಡುತ್ತೀರಿ? ನಮ್ಮಜ್ಜ ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಿರಲಿ ಅಂತ ಬಳಿಯುತ್ತಿದ್ದರು.

ಅಡಿಕೆ_ತೋಟ (ಶುಕ್ರವಾರ, ಬೆಳಗ್ಗೆ 7.40)

ನಮ್ಮಲ್ಲೂ ಬಳಿಯುತ್ತಿದ್ದರು. ಈಗ ಬೇಡ, ಮಳೆಗೆ ತೊಳೆದು ಬಾವಿಗೆ ಇಳಿಯುತ್ತದೆ. ಹೊಸ ಆಯಿಲಿನ ಖಾಲಿ ಡಬ್ಬಿಗೇ ಹಳೇದನ್ನು ತುಂಬಿ ಹತ್ತಿರದ ಗ್ಯಾರೇಜಿಗೆ ಕೊಡಿ. ಅವರ ಹತ್ತಿರ ಡ್ರಮ್ ಇರುತ್ತದೆ, ಅದನ್ನು ತಗೊಂಡು ಹೋಗುವವರು ಬರುತ್ತಾರೆ. ಚರಂಡಿಗೆ ಮಾತ್ರ ಬೇಡ.

ನೀಲಿ_ವ್ಯಾಗನಾರ್ (ಒಂದು ತಿಂಗಳ ನಂತರ, ಮಂಗಳವಾರ, ಸಂಜೆ 6.45)

ತರೀಕೆರೆಯಿಂದ ವಾಪಸ್ ಬಂದೆ. ಆಯಿಲ್ ಬದಲಾಯಿತು! ಅಣ್ಣ ರ‍್ಯಾಂಪ್ ಬಾಡಿಗೆಗೆ ತಂದಿದ್ದ. ಅವನನ್ನೂ ಕೂರಿಸಿಕೊಂಡೆ. ಮೂರು ಗಂಟೆ ಹಿಡಿಯಿತು.

ಡ್ರೈನ್ ಬೋಲ್ಟ್ ಬಿಚ್ಚಿದಾಗ ಹಳೇ ಗ್ಯಾರೇಜು ಸರ್ ಹೇಳಿದ ಹಾಗೇ ಮುಂದಕ್ಕೆ ಚಿಮ್ಮಿತು. ಬೋಗುಣಿ ಸರಿಯಾದ ಜಾಗದಲ್ಲೇ ಇತ್ತು, ಆದರೆ ಬೋಲ್ಟ್ ಕೈ ಜಾರಿ ಬೋಗುಣಿಯೊಳಗೇ ಬಿತ್ತು. ಬಿಸಿ ಕಪ್ಪು ಎಣ್ಣೆಯೊಳಗೆ ಕೈ ಹಾಕಿ ತಡಕಾಡಿದೆ. ಅಮ್ಮ ಒಳಗಿಂದ ಬಂದು ನನ್ನ ಕೈ ನೋಡಿ ಏನೂ ಮಾತಾಡದೆ ಸೀಗೆಪುಡಿ ತಂದಿಟ್ಟರು. ಸೋಪಿಗಿಂತ ಚೆನ್ನಾಗಿ ಹೋಯಿತು.

ಫಿಲ್ಟರ್ ಬಿಚ್ಚುವಾಗ ಇಂಜಿನ್ ಮೇಲೆಲ್ಲ ಆಯಿಲ್ ಇಳಿಯಿತು. ರಬ್ಬರ್ ಬಳೆ ಹಳೆಯದರ ಜೊತೆಗೇ ಬಂತು, ಎರಡು ಸಲ ನೋಡಿದೆ. ಹೊಸ ಆಯಿಲನ್ನು ಒಂದೇ ಸಲ ಸುರಿಯಲಿಲ್ಲ. ಸ್ವಲ್ಪ ಸ್ವಲ್ಪ ಹಾಕಿ, ಡಿಪ್‌ಸ್ಟಿಕ್ ನೋಡಿ, ಮತ್ತೆ ಹಾಕಿದೆ. ಮೇಲಿನ ಗುರುತಿಗಿಂತ ಕೂದಲೆಳೆ ಕೆಳಗೆ ನಿಲ್ಲಿಸಿದೆ.

ಈಗ ಸಮಸ್ಯೆ. ಬೆಂಗಳೂರಿಗೆ ಬಂದು ಪಾರ್ಕ್ ಮಾಡಿದೆ. ಇವತ್ತು ನೋಡಿದರೆ ಗಾಡಿ ಕೆಳಗೆ ಐದು ರೂಪಾಯಿ ನಾಣ್ಯದಷ್ಟು ಕಂದು ಹನಿ, ಎರಡು. ಡಿಪ್‌ಸ್ಟಿಕ್ ಲೆವೆಲ್ ಇಳಿದಿಲ್ಲ. ಬೋಲ್ಟನ್ನು ಇನ್ನೂ ಬಿಗಿ ಮಾಡಲಾ?

ಹಳೇ_ಗ್ಯಾರೇಜು (ಮಂಗಳವಾರ, ಸಂಜೆ 7.20)

ಬೇಡ! ಸೋರುವ ಬೋಲ್ಟನ್ನು ಬಿಗಿ ಮಾಡಿಯೇ ಎಲ್ಲರೂ ಥ್ರೆಡ್ ಕಳೆದುಕೊಳ್ಳೋದು. ಫಿಲ್ಟರ್ ಬಿಚ್ಚುವಾಗ ಇಂಜಿನ್ ಮೇಲೆ ಇಳಿದ ಆಯಿಲ್ ಅಂಚಿನಲ್ಲಿ ಸಿಕ್ಕಿಕೊಂಡಿದ್ದು, ಓಡಿದಾಗ ಬಿಸಿಗೆ ತೆಳುವಾಗಿ ಎರಡು ದಿನ ತೊಟ್ಟಿಕ್ಕುತ್ತದೆ. ಅದೇ ಇರಬಹುದು. ಇಲ್ಲದಿದ್ದರೆ ವಾಷರ್. ಹೊಸ ವಾಷರ್ ಹಾಕಿದ್ದಿರಲ್ವಾ?

ಕಂಡುಹಿಡಿಯೋದು ಹೀಗೆ. ಇಂಜಿನ್ ತಣ್ಣಗಿರುವಾಗ ಫಿಲ್ಟರ್ ಸುತ್ತ, ಬೋಲ್ಟ್ ಸುತ್ತ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಮೇಲಿನಿಂದ ಕೈಗೆ ಸಿಗದಿದ್ದರೆ ಸುಮ್ನೆ ನುಗ್ಗಬೇಡಿ, ಮತ್ತೆ ರ‍್ಯಾಂಪ್ ಹತ್ತಿಸಿ. ಒರೆಸಿದ ಜಾಗಕ್ಕೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಕೆಳಗೆ ದೊಡ್ಡ ರಟ್ಟು ಹಾಸಿ, ಅದರ ಮೇಲೆ ಚಕ್ರ ಎಲ್ಲಿದೆ ಅಂತ ಪೆನ್ನಲ್ಲಿ ಗುರುತು ಮಾಡಿ. ಒಂದು ಸಣ್ಣ ಸುತ್ತು ಓಡಿಸಿ ಬಂದು ರಾತ್ರಿ ನಿಲ್ಲಿಸಿ. ಬೆಳಗ್ಗೆ ಪೌಡರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿಂದಲೇ ಸೋರುತ್ತಿದೆ.

ರಟ್ಟಿನ ಮೇಲೆ ಬಿದ್ದದ್ದು ಬರೀ ನೀರಾಗಿದ್ದರೆ ಎ.ಸಿ. ನೀರು, ಚಿಂತೆ ಇಲ್ಲ. ಹಸಿರೋ ಗುಲಾಬಿಯೋ ಆಗಿ ಸಿಹಿ ವಾಸನೆ ಬಂದರೆ ಕೂಲೆಂಟ್. ಚಕ್ರದ ಹತ್ತಿರ ತಿಳಿ ಹಳದಿ, ಜಾರುವ ಹಾಗಿದ್ದರೆ ಬ್ರೇಕ್ ಆಯಿಲ್, ಗಾಡಿ ತೆಗೆಯಲೇಬೇಡಿ.

ನೀಲಿ_ವ್ಯಾಗನಾರ್ (ಮಂಗಳವಾರ, ರಾತ್ರಿ 8.05)

ವಾಷರ್ ಹೊಸದೇ ಹಾಕಿದ್ದೆ ಸರ್. ಬೇಸ್‌ಮೆಂಟ್ ಬಿ2 ಅವರು ಹತ್ತಿರದಲ್ಲೇ ಇದ್ದಾರಂತೆ, ರ‍್ಯಾಂಪ್ ಕೊಡುತ್ತೇನೆ ಅಂದಿದ್ದಾರೆ. ವಾಷಿಂಗ್ ಮಷಿನ್ ಬಂದ ರಟ್ಟಿನ ಪೆಟ್ಟಿಗೆ ಮನೆಯಲ್ಲೇ ಇದೆ. ಅತ್ತೆಯ ಪೌಡರ್ ಡಬ್ಬಿ ಕೇಳಿದೆ. ಕಾರಣ ಹೇಳಿದ ಮೇಲೆ ಕೊಟ್ಟರು, ಅರ್ಧ ಉಳಿಸಬೇಕಂತೆ.

ನೀಲಿ_ವ್ಯಾಗನಾರ್ (ಗುರುವಾರ, ಬೆಳಗ್ಗೆ 6.30)

ಈಗ ತಾನೇ ಕೆಳಗೆ ಹೋಗಿ ಬಂದೆ. ಟಾರ್ಚ್ ಬಿಟ್ಟು ನೋಡಿದೆ. ಬೋಲ್ಟ್ ಸುತ್ತ ಪೌಡರ್ ಹಾಕಿದ ಹಾಗೇ ಬೆಳ್ಳಗಿದೆ. ಫಿಲ್ಟರ್ ಸುತ್ತಲೂ ಅಷ್ಟೇ. ರಟ್ಟಿನ ಮೇಲೆ ಒಂದು ಹನಿ ಆಯಿಲ್ ಇಲ್ಲ.

@ಅಡಿಕೆ_ತೋಟ ಅಣ್ಣ, ಆದರೆ ರಟ್ಟಿನ ಮೇಲೆ ಅಕ್ಕಿ ಕಾಳಿನ ಗಾತ್ರದ ಕಪ್ಪು ಹಿಕ್ಕೆ ಆರೇಳು ಬಿದ್ದಿವೆ. ಪೌಡರಿನಲ್ಲಿ ಸಣ್ಣ ಕಾಲಿನ ಗುರುತು, ಬ್ಯಾಟರಿ ಕಡೆಗೆ ಹೋಗಿದೆ. ಇಲಿ ಬರದ ಹಾಗೆ ಹೊಗೆಸೊಪ್ಪು ಕಟ್ಟಬೇಕು ಅನ್ನುತ್ತಾರಲ್ಲ, ಎಲ್ಲಿ ಕಟ್ಟೋದು?